ಮಾಮಾನ ಜಾಗದಲ್ಲಿ ಒಂದು ತೆಂಗಿನಕಾಯಿ

ಮೊನ್ನೆ ರವಿವಾರ ನನ್ನ ಮಗ ಸಮರ್ಥನನ್ನು ಕಟಿಂಗ್ ಮಾಡಿಸಲು ಚಿಕ್ಕೋಡಿಗೆ ಕರೆದುಕೊಂಡು ಹೋಗಿದ್ದೆ. ಈಗ ಶಾಲೆಯಲ್ಲಿ ಒಂದನೇ ಇಯತ್ತೆ ಅವನು. ಕುರ್ಚಿಯ ಕೈಗಳ ಮೇಲೆ ಅಡ್ಡ ಹಲಗೆ ಹಾಕಿ ಕೂರಿಸಿದ್ದರು. ಕೊರಳಿಗೆ ಬಿಳಿ ಬಟ್ಟೆ ಸುತ್ತಿ ಆಗಿತ್ತು, ನೀರು ಚಿಮುಕಿಸಿ ಆಗಿತ್ತು. ಅಂಗಡಿಯವರು ಕತ್ತರಿ ಎತ್ತಿದ್ದೇ ತಡ, ಇವನು ಬಟ್ಟೆಯೊಳಗಿಂದ ಕೈ ಹೊರಗೆ ತೆಗೆದು ತಲೆಗೆ ಅಡ್ಡ ಹಿಡಿದ.

"ತಡೀರಿ ಕಾಕಾ. ಇನ್ನಾ ಮಾಮಾನ ಕೇಳಿಲ್ಲ."

"ಯಾವ ಮಾಮಾ?"

"ಭೋಜದ ಮಾಮಾ."

ಅಂಗಡಿಯವರು ಕನ್ನಡಿಯಲ್ಲೇ ನನ್ನ ಮುಖ ನೋಡಿದರು. "ಏನ್ರಿ ಅಕ್ಕಾರ, ಕಟಿಂಗ್‌ಗೂ ಪರ್ಮಿಶನ್ ಬೇಕೇನ್ರಿ ಈಗ?"

"ಏನ್ ಮಾಡೂದ್ರಿ, ಇವನ ತಲೀಗೆ ಮಾಲಕ ಬ್ಯಾರೆ ಅದಾನ," ಅಂದೆ.

ನನ್ನ ತಮ್ಮನಿಗೆ ಫೋನ್ ಹಚ್ಚಿದೆ. ರಿಂಗ್ ಆಯಿತು, ಎತ್ತಲಿಲ್ಲ. ಕಬ್ಬು ಕಡಿಯುವ ಕಾಲ, ಟ್ರ್ಯಾಕ್ಟರ್ ಸದ್ದಿನಲ್ಲಿ ಅವನಿಗೆ ಕೇಳುವುದಿಲ್ಲ. ಅಂಗಡಿಯವರು ಕತ್ತರಿ ಕೆಳಗಿಟ್ಟು ಚಹಾ ಹೇಳಿದರು. ಮಗ ತಲೆಯ ಮೇಲಿನ ಕೈ ಇಳಿಸಲಿಲ್ಲ.

ಅಷ್ಟರಲ್ಲಿ ಪಕ್ಕದ ಬೆಲ್ಲದ ಅಂಗಡಿಗೆ ಒಂದು ಟೆಂಪೋ ಬಂತು. ಹೊಸ ಬೆಲ್ಲ, ಇನ್ನೂ ಪೂರಾ ಬಿಗಿದಿರದ ದೊಡ್ಡ ಉಂಡೆಯ ಪೆಂಟಿಗಳು. ಒಂದೊಂದಾಗಿ ಇಳಿಸುತ್ತಿದ್ದಂತೆ ಆ ವಾಸನೆ ಗೋಡೆ ದಾಟಿ ಒಳಗೆ ಬಂತು. ಮಂದಿಗೆ ಬೆಲ್ಲದ ವಾಸನೆ ಅಂದರೆ ಹೋಳಿಗೆ ನೆನಪಾಗುತ್ತದೆ. ನನಗೆ ನೆನಪಾಗುವುದು ನನ್ನ ಮಗನ ಕೂದಲು, ಅದರಲ್ಲಿ ಇರುವೆ, ಮತ್ತು ಗಾಂಧಿ ಟೊಪ್ಪಿಗೆ ಹಾಕಿಕೊಂಡ ಒಂದು ತೆಂಗಿನಕಾಯಿ.

ಇದನ್ನು ಮೊದಲಿನಿಂದ ಹೇಳದಿದ್ದರೆ ನಿಮಗೆ ತಿಳಿಯುವುದಿಲ್ಲ.

ನನ್ನ ತವರು ನಿಪ್ಪಾಣಿ ತಾಲೂಕಿನ ಭೋಜ. ಕೊಟ್ಟ ಮನೆ ಯಡೂರಿನ ಹತ್ತಿರ, ಕೃಷ್ಣಾ ಹೊಳೆಯ ಈಚೆ ದಂಡೆಯ ತೋಟದ ಮನೆ. ಸುತ್ತ ಕಬ್ಬು, ನಡುವೆ ನಾವು. ಮಗಳು ಶ್ರಾವಣಿ ಹೈಸ್ಕೂಲಿಗೆ ಬಂದ ಮೇಲೆ ನನಗೆ ಈ ಮಗ ಹುಟ್ಟಿದ. ನಗುವವರು ನಕ್ಕರು. "ಅಳ್ಯಾನ ನೋಡೂ ವಯಸ್ಸಿನ್ಯಾಗ ಕೂಸ ನೋಡಾಕತ್ತಾಳ" ಎಂದು ಅಂದವಳ ಹೆಸರು ನನಗೆ ಈಗಲೂ ನೆನಪಿದೆ, ಬರೆಯುವುದಿಲ್ಲ. ನಕ್ಕವರ ಮುಂದೆಯೇ ನಾನು ಪೇಢೆ ಹಂಚಿದೆ.

ನಮ್ಮ ಕಡೆ ಕೂಸಿಗೆ ಹೆಸರಿಡುವ ದಿನ ತೊಟ್ಟಿಲು ತವರಿನಿಂದ ಬರಬೇಕು. ಮಗಳ ಸಲುವಾಗಿ ನಮ್ಮಪ್ಪ ತಂದಿದ್ದರು. ಈ ಸಲ ಅಪ್ಪ ಇರಲಿಲ್ಲ. ಹಳೇ ತೊಟ್ಟಿಲಿಗೆ ಗೆದ್ದಲು ಹತ್ತಿತ್ತು. ನನ್ನ ತಮ್ಮ ರಾವಸಾಬ ಹಟಕ್ಕೆ ಬಿದ್ದ. "ಅಪ್ಪ ಇಲ್ಲಂತ ಅಕ್ಕಗ ಅನಸಬಾರದು" ಎಂದು ಬದುವಿನ ಬೇವಿನ ಮರ ಕಡಿಸಿ, ಬಡಿಗೇರನ್ನು ಮನೆಗೆ ಕರೆಸಿ, ತಾನೇ ಎದುರು ಕೂತು ತೊಟ್ಟಿಲು ಮಾಡಿಸಿದ. ನಾಲ್ಕೂ ಮೂಲೆಗೆ ಗಿಳಿ ಕೆತ್ತಿಸಿದ. ಗಿಳಿಗೆ ಹಸಿರು ಬಣ್ಣ, ಕೊಕ್ಕಿಗೆ ಕೆಂಪು.

ಹೆಸರಿಡುವ ದಿನ ಬೆಳಿಗ್ಗೆಯೇ ಟ್ರೇಲರಿನಲ್ಲಿ ಹುಲ್ಲು ಹಾಸಿ, ತೊಟ್ಟಿಲು ಇಟ್ಟು ಹೊರಟಿದ್ದಾನೆ. ಸದಲಗಾ ದಾರಿಯಲ್ಲಿ ಕಬ್ಬಿನ ಟ್ರ್ಯಾಕ್ಟರ್ ಒಂದು ರಸ್ತೆಗೆ ಅಡ್ಡ ಬಿದ್ದಿದೆ. ಹಿಂದಕ್ಕೂ ಇಲ್ಲ, ಮುಂದಕ್ಕೂ ಇಲ್ಲ. ಇಲ್ಲಿ ನಮ್ಮ ಮನೆಯಲ್ಲಿ ಅಂಗಳ ತುಂಬ ಹೆಂಗಸರು, ಒಳಗೆ ನಮ್ಮತ್ತೆ. ನಮ್ಮತ್ತೆಗೆ ಗಡಿಯಾರ ಅಂದರೆ ದೇವರಿಗಿಂತ ದೊಡ್ಡದು. ಮುಹೂರ್ತ ಮೀರುತ್ತದೆ ಎಂದು ಪಕ್ಕದ ತೋಟದಿಂದ ಮಡಚುವ ಕಬ್ಬಿಣದ ತೊಟ್ಟಿಲು ತರಿಸಿ, ಕೂಸನ್ನು ಹಾಕಿ, ಕಿವಿಯಲ್ಲಿ ಹೆಸರು ಹೇಳಿಸಿಯೇ ಬಿಟ್ಟರು.

ಹೆಂಗಸರು ಊಟಕ್ಕೆ ಕೂತಾಗ ಟ್ರ್ಯಾಕ್ಟರ್ ಬಂತು. ತಮ್ಮ ಇಳಿದು ಒಳಗೆ ಬಂದು ಕಬ್ಬಿಣದ ತೊಟ್ಟಿಲಲ್ಲಿ ಮಲಗಿದ್ದ ಕೂಸನ್ನು ನೋಡಿದ.

"ನಾ ಬರೂದರೊಳಗ ಮಗ ಎದ್ದ ಸಾಲಿಗೆ ಹೊಂಟಿದ್ನೇನ್ರಿ ಅತ್ಯಾರ?"

ನಮ್ಮತ್ತೆ ಬಾಯಲ್ಲಿ ಎಲೆ ಅಡಿಕೆ ಇಟ್ಟುಕೊಂಡೇ ಅಂದರು, "ಮುಹೂರ್ತ ನಿನ್ನ ಟ್ರೇಲರ್‌ನ್ಯಾಗ ಕುಂತ್ಕೊಂಡ ಬರತೈತೇನೋ ತಮ್ಮಾ?"

ಯಾರೋ ನಕ್ಕರು. ಆ ನಗು ಇರದಿದ್ದರೆ ಅವನು ಊಟಕ್ಕೆ ಕೂತುಬಿಡುತ್ತಿದ್ದ ಅನಿಸುತ್ತದೆ. ನಕ್ಕರಲ್ಲ, ತೊಟ್ಟಿಲು ಇಳಿಸದೆ, ನೀರೂ ಕುಡಿಯದೆ ಟ್ರ್ಯಾಕ್ಟರ್ ಹತ್ತಿದ. ಆದರೆ ನಮ್ಮ ಅಂಗಳ ಸಣ್ಣದು. ಟ್ರೇಲರ್ ತಿರುಗಿಸುವುದು ಅಷ್ಟು ಸುಲಭವಲ್ಲ. ಹಿಂದೆ ತಗೊಂಡ, ಗೊಬ್ಬರದ ಕುಣಿಗೆ ಬಂತು. ಮುಂದೆ ತಗೊಂಡ, ತುಳಸಿಕಟ್ಟೆಗೆ ಬಂತು. ನಮ್ಮ ಯಜಮಾನರೇ ಎದ್ದು ಹೋಗಿ, "ಬರ್ಲಿ ಬರ್ಲಿ, ಇನ್ನ ಜರಾ ಬಲಕ್ಕ" ಎಂದು ದಾರಿ ತೋರಿಸಬೇಕಾಯಿತು. ಸಿಟ್ಟಾಗಿ ಹೋಗುವವನನ್ನು ಬೀಗರೇ ನಿಂತು ರಿವರ್ಸ್ ತೆಗೆಸಿ ಕಳಿಸಿದ್ದು ನಮ್ಮ ಮನೆಯಲ್ಲಿ ಮಾತ್ರ ನಡೆದಿರಬೇಕು. ಸಿಟ್ಟು ಮಾಡುವವರು ಮೋಟಾರ್‌ಸೈಕಲ್ ಮೇಲೆ ಬರಬೇಕು, ಅದು ಆ ದಿನ ನಾನು ಕಲಿತ ಪಾಠ.

ಆಮೇಲೆ ಮಾತು ನಿಂತಿತು. ನಾನು ಫೋನ್ ಮಾಡಿದರೆ ತಮ್ಮನ ಹೆಂಡತಿ ಎತ್ತುವಳು, "ಅವ್ರು ಹೊಲಕ್ಕ ಹೋಗ್ಯಾರ್ರಿ" ಅನ್ನುವಳು. ಹಿಂದೆ ಅವನು ಕೆಮ್ಮಿದ್ದು ನನಗೆ ಕೇಳಿಸುತ್ತಿತ್ತು. ನಾಗರ ಪಂಚಮಿಗೆ ಕರೆಯಲು ಬರಲಿಲ್ಲ. ನಮ್ಮ ಕಡೆ ಹೆಣ್ಣುಮಗಳಿಗೆ ಪಂಚಮಿಗೆ ತವರಿನಿಂದ ಕರೆ ಬರಲಿಲ್ಲ ಅಂದರೆ ಅದಕ್ಕಿಂತ ಬೇರೆ ಮಾತು ಬೇಡ. ಮೂರು ಪಂಚಮಿ ನಾನು ಇಲ್ಲೇ ಉಂಡಿ ಕಟ್ಟಿ, ಇಲ್ಲೇ ತಿಂದೆ. ಬಾಯಿ ಜೋರಿನ ಹೆಂಗಸು ನಾನು, ಯಾರ ಮುಂದೆಯೂ ಅಳಲಿಲ್ಲ. ಆದರೆ ಜೋಕಾಲಿ ಕಟ್ಟಬೇಡಿ ಎಂದು ಯಜಮಾನರಿಗೆ ಹೇಳಿದ್ದೆ.

ಒಂದು ತಮಾಷೆ ಅಂದರೆ, ಮಾತು ಬಿಟ್ಟವನು ನನ್ನ ವಾಟ್ಸಾಪ್ ಸ್ಟೇಟಸ್ ಬಿಡಲಿಲ್ಲ. ಕೂಸು ಹೊಟ್ಟೆ ಎಳೆದುಕೊಂಡು ಹರಿದಾಡಿದ್ದು, ಗೋಡೆ ಹಿಡಿದು ನಿಂತದ್ದು, ನಾಯಿಯ ತಟ್ಟೆಯಲ್ಲಿ ಕೈ ಹಾಕಿದ್ದು, ಏನು ಹಾಕಿದರೂ ನೋಡಿದವರ ಸಾಲಿನಲ್ಲಿ ಮೊದಲು ಬರುವ ಹೆಸರು ರಾವಸಾಬ. ನಾನೂ ಕಮ್ಮಿ ಇರಲಿಲ್ಲ. ಅವನ ಎತ್ತು, ಅವನ ಬಾವಿ, ಅವನ ಹೊಸ ಟಾಯರ್ ಎಲ್ಲ ನೋಡುತ್ತಿದ್ದೆ. ಹಿಂಗೆ ಅಕ್ಕ ತಮ್ಮ ಇಬ್ಬರೂ ದಿನಾ ಒಬ್ಬರ ಮನೆ ಒಬ್ಬರು ಇಣುಕಿ ನೋಡಿ ಸುಮ್ಮನೆ ಕೂತೆವು.

ಈಗ ಕೂದಲಿಗೆ ಬರುತ್ತೇನೆ. ನಮ್ಮ ಮನೆತನದ ಗಂಡು ಕೂಸಿನ ಜಾವಳ, ಅಂದರೆ ಹುಟ್ಟುಗೂದಲು ತೆಗೆಯುವುದು, ಯಡೂರಿನ ವೀರಭದ್ರ ದೇವರ ಹತ್ತಿರ, ಹೊಳೆಯ ದಂಡೆಯಲ್ಲಿ. ಕೂಸು ಸೋದರಮಾವನ ತೊಡೆಯ ಮೇಲೆ ಕೂತಿರಬೇಕು. ಮೊದಲ ಕತ್ತರಿ ಮಾವನೇ ಹಚ್ಚಬೇಕು. ಅಲ್ಲಿಯವರೆಗೆ ಒಂದು ಎಳೆಗೂ ಕತ್ತರಿ ತಾಗುವ ಹಾಗಿಲ್ಲ. ಒಂದನೇ ವರ್ಷದಲ್ಲಿ ಮಾಡಬೇಕು, ತಪ್ಪಿದರೆ ಮೂರನೆಯದರಲ್ಲಿ. ಎರಡು, ನಾಲ್ಕು ಎಂಬ ಸರಿ ವರ್ಷದಲ್ಲಿ ನಡೆಯುವುದಿಲ್ಲ. ಒಂದನೆಯದು ಸಿಟ್ಟಿನಲ್ಲಿ ಹೋಯಿತು. ಮೂರನೆಯದು ಸಂಕ್ರಾಂತಿಗೆ ಮುಗಿಯುವುದಿತ್ತು, ದೀಪಾವಳಿ ದಾಟಿ ಹೋಗಿತ್ತು. ಮಗನ ಕೂದಲು ಹೆಗಲ ಕೆಳಗೆ ಇಳಿದಿತ್ತು. ದಟ್ಟ, ಗುಂಗುರು. ಚಿಕ್ಕೋಡಿ ಸಂತೆಯಲ್ಲಿ ಬಳೆ ಮಾರುವಾಕೆ ಅವನ ಕೈಗೆ ಬಳೆ ತೊಡಿಸಿಯೇ ಬಿಟ್ಟಿದ್ದಳು, ಇವನು ಮನೆಯ ತನಕ ಗಲಗಲ ಅನಿಸುತ್ತ ಬಂದ.

ಆ ಚಳಿಗಾಲ ನಮ್ಮ ದೊಡ್ಡ ಮಾವನವರ ಹೊಲದಲ್ಲಿ ಬೆಲ್ಲದ ಗಾಣ ಹೂಡಿದ್ದರು. ನಮ್ಮ ಅಂಗಳದಲ್ಲಿ ನಿಂತರೆ ಹೊಗೆ ಕಾಣುತ್ತಿತ್ತು. ದಿನಾ ಒಂದು ಚರಿಗೆ ಕಾಕವಿ, ಅದೇ ಬೆಲ್ಲ ಆಗುವ ಮೊದಲಿನ ಪಾಕ, ಮನೆಗೆ ಬರುತ್ತಿತ್ತು. ರೊಟ್ಟಿ, ಮೇಲೆ ಕಾಕವಿ, ಅದರ ಮೇಲೆ ಹುರಿದ ಶೇಂಗಾ. ಮಗನಿಗೆ ಬೇರೆ ಊಟವೇ ಬೇಡವಾಯಿತು.

ಎರಡೂ ಕೈಗೆ ಕಾಕವಿ ಮೆತ್ತಿಕೊಂಡು ತಿನ್ನುತ್ತಾನೆ. ಕೂದಲು ಕಣ್ಣಿಗೆ ಬರುತ್ತದೆ. ಅದೇ ಕೈಯಿಂದ ಹಿಂದೆ ಸರಿಸುತ್ತಾನೆ. ಮತ್ತೆ ಬರುತ್ತದೆ, ಮತ್ತೆ ಸರಿಸುತ್ತಾನೆ. ಊಟ ಮುಗಿಯುವಷ್ಟರಲ್ಲಿ ತಲೆ ಜೇನುಹುಟ್ಟು. ಅದರ ಮೇಲೆ ಅಂಗಳದ ಮಣ್ಣು, ಕಬ್ಬಿನ ಒಣಗರಿಯ ರವದಿ, ಕೋಳಿಯ ಪುಕ್ಕ. ಒಲೆ ಉರಿ ಹಚ್ಚಿ, ಹಂಡೆ ನೀರು ಕಾಯಿಸಿ ತಿಕ್ಕಿ ತಿಕ್ಕಿ ತೊಳೆದೆ. ಆ ಕೂದಲು ಒಣಗಲು ಇಡೀ ಮಧ್ಯಾಹ್ನ ಬೇಕು. ಬಿಸಿಲಲ್ಲಿ ಅಜ್ಜಿಯ ತೊಡೆಯ ಮೇಲೆ ಕೂತು ಸೀನುತ್ತಾನೆ, ಸೀನುತ್ತಲೇ ಮತ್ತೆ ಕಾಕವಿ ಕೇಳುತ್ತಾನೆ.

ಆಮೇಲೆ ಅವನು ಒಂದು ಶೋಧ ಮಾಡಿದ. ಕೂದಲಿನ ತುದಿ ಬಾಯಲ್ಲಿ ಇಟ್ಟರೆ ಸಿಹಿ ಇರುತ್ತದೆ. ಅಲ್ಲಿಂದ ಬೇಕೆಂದೇ ಅದ್ದಿಕೊಳ್ಳಲು ಶುರು ಮಾಡಿದ. ಊಟ ಮುಗಿದ ಮೇಲೂ ಮೂಲೆಯಲ್ಲಿ ಕೂತು ತನ್ನ ತಲೆ ತಾನೇ ಚೀಪುವುದು. ಒಂದು ಮಧ್ಯಾಹ್ನ ಮಲಗಿದವನು ಚೀರುತ್ತ ಎದ್ದ. ನೋಡಿದರೆ ದಿಂಬಿನಿಂದ ಕಿವಿಯವರೆಗೆ ಇರುವೆ ಸಾಲು.

ಹೇರಪಿನ್ ಹಾಕಿದೆ, ಕಿತ್ತು ನುಂಗಲು ಹೋದ. ಎರಡು ಜಡೆ ಹಾಕಿದೆ, ಅವನು ಸುಮ್ಮನಿದ್ದ, ನಮ್ಮ ಯಜಮಾನರು ಸುಮ್ಮನಿರಲಿಲ್ಲ. "ಏ, ನನ್ನ ಮಗನ ಜಡಿ ಬಿಚ್ಚ ಮೊದಲ" ಎಂದರು. ಅವರು ವರ್ಷಕ್ಕೆ ಒಂದು ಸಲ ದನಿ ಎತ್ತುವವರು, ಆ ವರ್ಷದ್ದು ಅಲ್ಲಿಗೆ ಖರ್ಚಾಯಿತು.

ಕೊನೆಗೆ ಎಡಗಣ್ಣು ಕೆಂಪಾಗಿ ಬಾತುಕೊಂಡಿತು. ಅಂಕಲಿಯ ಡಾಕ್ಟರ್ ಹತ್ತಿರ ಹೋದೆವು. ಅವರು ರೆಪ್ಪೆ ಎತ್ತಿ ನೋಡಿದರು.

"ಕೂದಲಾ ಕಣ್ಣಾಗ ಚುಚ್ಚಾಕತ್ತಾವ್ರಿ. ಔಷಧ ಕೊಡ್ತೀನಿ, ಆದ್ರ ಇದನ್ನ ಮೊದಲ ತಗಸ್ರಿ."

"ಸೋದರಮಾವ ಬರಬೇಕ್ರಿ ಡಾಕ್ಟರ್."

"ಎಲ್ಲದಾನ್ರಿ, ದುಬೈದಾಗೇನು?"

"ಭೋಜದಾಗ."

ಡಾಕ್ಟರ್ ಔಷಧದ ಚೀಟಿ ಬರೆಯಲು ಕೂತರು. ಅವರೂ ಈ ಕಡೆಯವರೇ. ಭೋಜ ಕೆಲವೊಮ್ಮೆ ದುಬೈಗಿಂತ ದೂರ ಇರುತ್ತದೆ ಎಂದು ಅವರಿಗೆ ಗೊತ್ತಿರಬೇಕು.

ಮನೆಗೆ ಬಂದ ಮೇಲೆ ನಮ್ಮತ್ತೆ ತೀರ್ಪು ಕೊಟ್ಟರು. "ಸಂಕ್ರಾಂತಿ ಒಳಗ ಜಾವಳಾ ಆಗಬೇಕು. ಮಾವ ಇಲ್ಲದ ಕೂಸಿಗೆ ತೆಂಗಿನಕಾಯಿ ಇಟ್ಟ ಮಾಡ್ತಾರ. ಮಾವ ಕೂಡೂ ಮಣಿ ಮ್ಯಾಲ ಕಾಯಿ ಇಡೂದು, ಅದಕ್ಕ ಕತ್ತರಿ ಮುಟ್ಟಸೂದು, ಕಡೀಕ ದೇವರ ಮುಂದ ಒಡಿಯೂದು. ನಾವೂ ಹಂಗ ಮಾಡೂಣು."

ನನ್ನ ಮೈಯೆಲ್ಲ ಉರಿಯಿತು. "ಮಾವ ಸತ್ತಿಲ್ರಿ ಅತ್ತಿ. ಗಟ್ಟಿಮುಟ್ಟ ಅದಾನ. ನಿನ್ನೆರೆ ಎತ್ತಿನ ಫೋಟೋ ಹಾಕ್ಯಾನ."

"ಇದ್ದೂ ಬರದಾಂವ ಯದಕ ಬೇಕವ್ವಾ? ಕಾಯಿ ಆದ್ರ ಕರದಲ್ಲೆ ಬರತೈತಿ."

"ನಿಮ್ಮ ಮಾತಿಗೇ ಅಂವಾ ಎದ್ದ ಹೋಗಿದ್ದ."

"ಎದ್ದ ಹೋಗೂದ ಅಂವಗ ಚಲೋ ಬರತೈತಿ. ಎದ್ದ ಬರೂದ ಯಾರೂ ಕಲಿಸಿಲ್ಲ."

ನಾನು ಪಾತ್ರೆಗಳ ಮೇಲೆ ಸಿಟ್ಟು ತೆಗೆದೆ. ನಿಜ ಹೇಳಬೇಕೆಂದರೆ, ಅತ್ತೆಯ ಮಾತಿಗಿಂತ ಅದು ಸರಿ ಇದ್ದದ್ದು ಹೆಚ್ಚು ನೋಯಿಸಿತು. ಕಾಯಿ ಇಟ್ಟು ಜಾವಳ ಮಾಡಿದರೆ ಊರಿಗೆಲ್ಲ ಡಂಗುರ ಹೊಡೆದ ಹಾಗೆ, ಇವಳಿಗೆ ತವರು ಇಲ್ಲ ಎಂದು. ಅದು ಒಮ್ಮೆ ಆದರೆ ಆಯಿತು. ಆಮೇಲೆ ತಮ್ಮ ಯಾವ ಮುಖ ಇಟ್ಟುಕೊಂಡು ಬರುತ್ತಾನೆ, ನಾನು ಯಾವ ಮುಖ ಇಟ್ಟುಕೊಂಡು ಹೋಗುತ್ತೇನೆ.

ಮರುದಿನ ಅತ್ತೆ ಅಟ್ಟದಿಂದ ಕಾಯಿ ಇಳಿಸಿ ಆರಿಸಲು ಕೂತರು. ಜುಟ್ಟು ಇರುವುದು, ಮೂರು ಕಣ್ಣು ಸರಿಯಾಗಿರುವುದು. ಒಂದನ್ನು ಕೈಯಲ್ಲಿ ತೂಗಿ ಕೆಳಗಿಟ್ಟರು. "ಇದ ಸಣ್ಣದಾತು. ಅವನ ತಲಿ ದೊಡ್ಡದೈತಿ." ಕೊನೆಗೆ ಒಂದು ದಪ್ಪ ಕಾಯಿ ಸಿಕ್ಕಿತು. ಅದನ್ನು ಒಳಗಿನ ಗೂಡಿನಲ್ಲಿ ಇಟ್ಟು, ನನಗೆ ಕಾಣಲಿ ಎಂದೇ, ನಮ್ಮ ಯಜಮಾನರ ಹಳೇ ಬಿಳಿ ಟೊಪ್ಪಿಗೆ ತಂದು ಅದರ ತಲೆಗೆ ಏರಿಸಿದರು. ಮೊಮ್ಮಗನನ್ನು ಕರೆದು ತೋರಿಸಿದರು.

"ನೋಡಪಾ ಸಮ್ಯಾ, ಇಂವಾ ನಿನ್ನ ಮಾಮಾ."

ಮೂರು ವರ್ಷ ತುಂಬದ ಕೂಸು. ಅಜ್ಜಿ ಹೇಳಿದ್ದನ್ನು ಪೂರಾ ನಂಬಿತು.

ಅಂದಿನಿಂದ ಮನೆಯಲ್ಲಿ ಒಬ್ಬರು ಹೆಚ್ಚಾದರು. ಬೆಳಿಗ್ಗೆ ಎದ್ದರೆ "ಮಾಮಾ ಎದ್ದಾನ?" ಎಂದು ಗೂಡಿನ ಕೆಳಗೆ ನಿಲ್ಲುವನು. ಇಳಿಸಿ ಕೊಡಬೇಕು. ಕಂಕುಳಲ್ಲಿ ಇಟ್ಟುಕೊಂಡು ಆಕಳು ತೋರಿಸಲು ಒಯ್ಯುವನು. ಟೊಪ್ಪಿಗೆ ಬಿದ್ದರೆ ಎತ್ತಿ ಹಾಕಿ, "ಥಂಡಿ ಐತಿ ಮಾಮಾ, ತಗೀಬ್ಯಾಡ" ಎಂದು ಗದರುವನು. ತಾನು ಒಂದು ತುತ್ತು ತಿಂದರೆ ಮಾಮಾನ ಬಾಯಿಗೆ ಒಂದು ತುತ್ತು. ಯಾವುದು ಬಾಯಿ ಎಂದು ಅವನೇ ತೀರ್ಮಾನಿಸಿದ್ದ. ಕಾಕವಿ ಕಾಯಿಯ ನಾರಿನಲ್ಲಿ ಇಳಿದು ಮಾಮಾನ ಗಡ್ಡಕ್ಕೂ ಇರುವೆ ಹತ್ತಿತು. ಅತ್ತೆ ಮೊದಲು ನಕ್ಕರು. ಆಮೇಲೆ ನಗುವುದು ಕಮ್ಮಿಯಾಯಿತು. ಒಂದು ದಿನ ನೋಡುತ್ತೇನೆ, ಯಾರೂ ಇಲ್ಲ ಎಂದುಕೊಂಡು ಸೆರಗಿನಿಂದ ಕಾಯಿಯ ಇರುವೆ ಒರೆಸುತ್ತಿದ್ದರು.

ಒಂದು ಮಧ್ಯಾಹ್ನ ಮಗ ಕಾಯಿಯನ್ನು ಎದುರು ಕೂರಿಸಿ ಊಟ ಮಾಡಿಸುತ್ತಿದ್ದ. ಕೂದಲು ಮುಖದ ಮೇಲೆ, ಬಾತ ಕಣ್ಣು, ಕೈಯಲ್ಲಿ ಕಾಕವಿ ರೊಟ್ಟಿ. "ತಿನ್ನ ಮಾಮಾ. ಸಿಟ್ಟ ಮಾಡಬ್ಯಾಡ. ತಿನ್ನ." ಶ್ರಾವಣಿ ವಿಡಿಯೋ ಮಾಡಿದಳು. ಮಾಡಿದವಳು ನನ್ನ ಫೋನಿನಿಂದಲೇ ಸ್ಟೇಟಸ್ಸಿಗೆ ಹಾಕಿದಳು.

ನಾನು ಬಟ್ಟೆ ಒಗೆದು ಬಂದು ನೋಡಿದೆ. "ಯಾರ್ ಹಾಕು ಅಂದಿದ್ರ ಬೇ ನಿನಗ?"

"ಯಾಕ ಮಮ್ಮಿ, ಮಸ್ತ್ ಐತಲಾ?"

ತೆಗೆಯಲು ಹೋದೆ. ನೋಡಿದವರ ಸಾಲು ತೆರೆಯಿತು. ಮೊದಲ ಹೆಸರು ರಾವಸಾಬ. ಆಗಲೇ ನೋಡಿ ಆಗಿತ್ತು. ತೆಗೆದೂ ಉಪಯೋಗ ಇರಲಿಲ್ಲ, ಆದರೂ ತೆಗೆದೆ.

ಆ ಸಂಜೆ ಅವನದೊಂದು ಸ್ಟೇಟಸ್ ಬರಬಹುದು ಎಂದು ನೋಡಿದೆ. ಎತ್ತು ಇಲ್ಲ, ಬಾವಿ ಇಲ್ಲ, ಏನೂ ಇಲ್ಲ. ಮರುದಿನವೂ ಇಲ್ಲ. ಮುಗೀತು, ತಮ್ಮನಿಗೆ ಹೇಳಿ ಅವಮಾನ ಮಾಡಿದ ಹಾಗಾಯಿತು ಅಂದುಕೊಂಡೆ. ಯಜಮಾನರು, "ನಾ ಹೋಗಿ ಕರ್ಕೊಂಡ ಬರ್ಲೇನು?" ಅಂದರು. "ಬ್ಯಾಡ್ರಿ. ಈಗ ಹೋದ್ರ ಅಂಜಿಸಿ ಕರದಂಗ ಆಗತೈತಿ," ಅಂದೆ. ಅತ್ತೆ ಎಲೆ ಅಡಿಕೆ ಕುಟ್ಟುತ್ತ ಕೂತಿದ್ದರು, ಬಾಯಿ ಬಿಡಲಿಲ್ಲ. ಅವರು ಬಾಯಿ ಬಿಡದ ಸಂಜೆ ನಮ್ಮ ಮನೆಯಲ್ಲಿ ಭಾಳ ಕಮ್ಮಿ.

ಅದರ ಮಾರನೆಯ ಬೆಳಿಗ್ಗೆ ನಾನು ರೊಟ್ಟಿ ಬಡಿಯುತ್ತಿದ್ದೆ. ಟ್ರ್ಯಾಕ್ಟರ್ ಸದ್ದು ಬಂತು. ಕಬ್ಬಿನ ಕಾಲದಲ್ಲಿ ಟ್ರ್ಯಾಕ್ಟರ್ ಸದ್ದಿಗೆ ಯಾರೂ ತಲೆ ಎತ್ತುವುದಿಲ್ಲ. ಆದರೆ ಇದು ರಸ್ತೆ ಬಿಟ್ಟು ನಮ್ಮ ದಾರಿಗೆ ಹೊರಳಿತು. ಕೈಯಲ್ಲಿ ಹಿಟ್ಟು ಇದ್ದ ಹಾಗೆಯೇ ಹೊರಗೆ ಬಂದೆ.

ಟ್ರೇಲರಿನಲ್ಲಿ ಹುಲ್ಲು. ಹುಲ್ಲಿನ ಮೇಲೆ ನಾಲ್ಕು ಹಸಿರು ಗಿಳಿ.

ತಮ್ಮ ಇಳಿದ. ಮೈ ಸ್ವಲ್ಪ ಇಳಿದಿತ್ತು, ಕಿವಿಯ ಹತ್ತಿರ ಬಿಳಿ ಬಂದಿತ್ತು. ನನ್ನನ್ನು ನೋಡಲಿಲ್ಲ. ಕಟ್ಟೆಯ ಮೇಲೆ ಕೂತಿದ್ದ ಅತ್ತೆಯ ಕಾಲು ಮುಟ್ಟಿದ.

ಅತ್ತೆ ಅಂದರು, "ಬಂದೇನೋ ತಮ್ಮಾ. ಇವತ್ತ ಮುಹೂರ್ತ ನೀ ಹೇಳಿದಾಗ."

ಅಷ್ಟೇ. ಅವರಿಂದ ಅದಕ್ಕಿಂತ ದೊಡ್ಡ ಮಾತು ನಾನು ಕೇಳಿಲ್ಲ, ಮುಂದೆ ಕೇಳುವುದೂ ಇಲ್ಲ.

ಮಗ ನನ್ನ ಸೀರೆ ಹಿಂದೆ ನಿಂತಿದ್ದ. ತಮ್ಮ ಅವನ ಮುಂದೆ ಕುಕ್ಕರಗಾಲಲ್ಲಿ ಕೂತ.

"ನಾ ಯಾರ ಹೇಳ?"

ಮಗ ಟ್ರ್ಯಾಕ್ಟರ್ ನೋಡಿದ, ಇವನನ್ನು ನೋಡಿದ. "ಟ್ಯಾಕ್ಟರ್ ಕಾಕಾ."

"ಕಾಕಾ ಅಲ್ಲೋ. ನಾ ನಿನ್ನ ಮಾಮಾ."

ಮಗ ತಲೆ ಅಲ್ಲಾಡಿಸಿದ. ಒಳಗೆ ಓಡಿದ. ಎರಡೂ ಕೈಯಲ್ಲಿ ಕಾಯಿ ಅಪ್ಪಿಕೊಂಡು ಬಂದು ಮುಂದೆ ಹಿಡಿದ. "ಇಂವಾ ನನ್ನ ಮಾಮಾ."

ತಮ್ಮ ಕಾಯಿ ಇಸಿದುಕೊಳ್ಳಲು ಹೋದ, ಮಗ ಕೊಡಲಿಲ್ಲ. ಇವನು ಅಲ್ಲೇ ನೆಲಕ್ಕೆ ಕೂತುಬಿಟ್ಟ. ಬಹಳ ಹೊತ್ತು ಆ ಟೊಪ್ಪಿಗೆ ನೋಡಿದ.

"ಮಾಮಾಂದ ನಾಷ್ಟಾ ಆತೇನು?" ಎಂದು ಕೇಳಿದ.

"ಕಾಕವಿ ತಿಂದಾನ."

"ಸಿಟ್ಟ ಮಾಡ್ತಾನೇನು?"

"ಇಲ್ಲ. ಶಾಣ್ಯಾ ಅದಾನ."

ತಮ್ಮ ಆಗ ನನ್ನ ಕಡೆ ತಿರುಗಿದ. ನಗಬೇಕೋ ಅಳಬೇಕೋ ತಿಳಿಯದ ಮುಖ. "ಅಕ್ಕಾ, ನಿಮ್ಮನಿಯಾಗ ನನಕಿಂತ ಇದಕ್ಕ ಕಿಮ್ಮತ್ತ ಜಾಸ್ತಿ ಐತಿ."

"ಐತಿ. ಇದು ಉಣ್ಣದ ಎದ್ದ ಹೋಗೂದಿಲ್ಲ," ಅಂದೆ. ಅಂದವಳೇ ಹಿಟ್ಟಿನ ಕೈ ಮುಖಕ್ಕೆ ಇಟ್ಟುಕೊಂಡೆ. ಮೂರು ಪಂಚಮಿಯ ಅಳು ಅಂಗಳದಲ್ಲೇ ಬಂತು. ತಮ್ಮ ಎದ್ದು, "ಏ ಅಕ್ಕಾ, ಸುಮ್ನಿರ, ಹಿಟ್ಟ ಹತ್ತೈತಿ ಮಾರಿಗೆ" ಎಂದು ತನ್ನ ಟಾವೆಲ್ ಕೊಟ್ಟ. ಅದಕ್ಕೆ ಡೀಸೆಲ್ ವಾಸನೆ.

ಆ ದಿನ ಅವನು ಹೊಟ್ಟೆ ತುಂಬ ಉಂಡ. ಎರಡು ಸಲ ಹಾಕಿಸಿಕೊಂಡ. ಮಧ್ಯಾಹ್ನ ಎಲ್ಲರೂ ಅದೇ ಟ್ರೇಲರಿನಲ್ಲಿ ಕೂತು ಯಡೂರಿಗೆ ಹೋದೆವು.

ಹೊಳೆ ತುಂಬಿಯೂ ಇರಲಿಲ್ಲ, ಬತ್ತಿಯೂ ಇರಲಿಲ್ಲ. ಬಿಸಿಲು ಹಿತವಾಗಿತ್ತು. ಕ್ಷೌರದ ಈರಣ್ಣ ನೀರಿನ ಬಟ್ಟಲು, ಕತ್ತಿ ಹಿಡಿದು ಕೂತರು. ತಮ್ಮನ ತೊಡೆಯ ಮೇಲೆ ಮಗ, ಮಗನ ತೊಡೆಯ ಮೇಲೆ ಕಾಯಿ. ಅಂದರೆ ಮಾವನ ತೊಡೆಯ ಮೇಲೆ ಅಳಿಯ, ಅಳಿಯನ ತೊಡೆಯ ಮೇಲೆ ಮತ್ತೆ ಮಾವ. ಈರಣ್ಣ ಕಾಯಿ ನೋಡಿ, "ಇದನ್ನೂ ಬೋಳಸೂದೈತೇನ್ರಿ?" ಎಂದು ಕೇಳಿದರು.

ಕೂದಲು ನೆಲಕ್ಕೆ ಬೀಳಬಾರದು. ಅತ್ತೆ ಸೆರಗು ಒಡ್ಡಿ ಕೂತರು. ತಮ್ಮ ಕತ್ತರಿ ತಗೊಂಡ. ಹಣೆಯ ಮೇಲಿನ ಒಂದು ಎಳೆ ಎತ್ತಿದ. ಎತ್ತಿದ ಎಳೆ ಬೆರಳಿಗೆ ಅಂಟಿಕೊಂಡಿತು. ಮೂಗಿನ ಹತ್ತಿರ ತಂದು ನೋಡಿದ.

"ಏನ ಇದು, ಬೆಲ್ಲದ ವಾಸನಿ ಬರಾಕತ್ತೈತಿ."

"ನೆಕ್ಕಿ ನೋಡ, ರುಚೀನೂ ಐತಿ," ಅಂದರು ಅತ್ತೆ.

ಮೊದಲ ಕತ್ತರಿ ಹಚ್ಚಿದ. ಮಗ ಹೊಳೆಯ ಆಚೆ ದಂಡೆಗೆ ಕೇಳುವ ಹಾಗೆ ಚೀರಿದ. ಎರಡನೇ ಎಳೆಗೆ ತಮ್ಮನ ಕೈ ಕಚ್ಚಿದ. ತಮ್ಮ ಕೈ ತೆಗೆಯಲಿಲ್ಲ. "ಕಡೀ, ಕಡೀ. ನಂದೂ ತಪ್ಪೈತಿ," ಅಂದ. ಆಮೇಲೆ ಈರಣ್ಣ ಕತ್ತಿ ಹಿಡಿದರು. ಕೂದಲಿನ ಕೆಳಗಿಂದ ಒಂದು ಹೊಸ ಮುಖ ಬಂತು. ಅದು ನಮ್ಮಪ್ಪನ ಹಣೆ. ಮೂರು ವರ್ಷ ಮುಚ್ಚಿಕೊಂಡೇ ಇತ್ತು, ನನಗೆ ಗೊತ್ತೇ ಇರಲಿಲ್ಲ. ತಮ್ಮನಿಗೂ ಕಂಡಿತು.

ಸ್ನಾನ ಮಾಡಿಸಿ, ಬೋಳು ತಲೆಗೆ ಅರಿಶಿನ ಹಚ್ಚಿ, ಗುಡಿಗೆ ಹೋದೆವು. ಪೂಜಾರರು ಕೈ ಚಾಚಿ, "ಕಾಯಿ ಕೊಡ್ರಿ," ಅಂದರು.

ಆಗ ನಮಗೆಲ್ಲ ಹೊಳೆಯಿತು. ಗಡಿಬಿಡಿಯಲ್ಲಿ ಬೇರೆ ಕಾಯಿ ತಂದೇ ಇರಲಿಲ್ಲ. ಇದ್ದದ್ದು ಒಂದೇ. ಯಜಮಾನರು ಮಗನ ಕೈಯಿಂದ ಮೆಲ್ಲಗೆ ಬಿಡಿಸಲು ಹೋದರು. ಜಾವಳಕ್ಕೆ ಅತ್ತದ್ದು ಏನೂ ಅಲ್ಲ, ಆ ಅಳು ಬೇರೆ ಇತ್ತು. ಗುಡಿಯಲ್ಲಿದ್ದವರೆಲ್ಲ ತಿರುಗಿ ನೋಡಿದರು. "ಮಾಮಾನ ಒಡೀಬ್ಯಾಡ್ರಿ," ಎಂದು ಒಂದೇ ಸಮ ಅನ್ನುತ್ತಾನೆ.

ತಮ್ಮ ನಡುವೆ ಬಂದ. ಪೂಜಾರರ ಮುಂದೆ ಕೈ ಮುಗಿದು, ಪೂರಾ ಗಂಭೀರವಾಗಿ, "ಅದನ್ನ ಬಿಡ್ರಿ ಅಜ್ಜಾರ. ಅದು ನಾ ಅದೀನಿ. ಬ್ಯಾರೆ ಕಾಯಿ ತರತೀನಿ," ಅಂದ. ಹೊರಗಿನ ಅಂಗಡಿಗೆ ಓಡಿದ. ಪೂಜಾರರು ಕಾಯಿಯನ್ನೂ ಓಡುವವನನ್ನೂ ಒಮ್ಮೆ ನೋಡಿ ಗಂಟೆ ಬಾರಿಸಿದರು.

ಮನೆಗೆ ಬಂದ ಮೇಲೆ ತೊಟ್ಟಿಲು ಇಳಿಸಿದರು. ಒಳಗೆ ಉಳ್ಳಾಗಡ್ಡಿ ಸಿಪ್ಪೆ ಇತ್ತು. ಅಷ್ಟು ದಿನ ಅದರಲ್ಲಿ ಏನು ಇಟ್ಟಿದ್ದರು ಎಂದು ನಾನು ಕೇಳಲಿಲ್ಲ. ಪಡಸಾಲೆಯ ತೊಲೆಗೆ ಹಗ್ಗ ಕಟ್ಟಿ ತೂಗಿಬಿಟ್ಟರು. "ಇಷ್ಟ ದೊಡ್ಡಾಂವ ಇದರಾಗ ಹೆಂಗ ಹಿಡಿತಾನ?" ಅಂದರು ಯಜಮಾನರು. ಮಗ ಯಾರ ಮಾತೂ ಕೇಳದೆ ಹತ್ತಿ ಮಲಗಿಯೇ ಬಿಟ್ಟ. ಎರಡೂ ಕಾಲು ಗಿಳಿಗಳ ನಡುವಿನಿಂದ ಹೊರಗೆ ಬಂದವು. ತಮ್ಮ ಕೆಳಗೆ ಕೂತು ಹಗ್ಗ ಎಳೆದ. ಎಳೆಯುತ್ತ ಎಳೆಯುತ್ತ ಮಗ ನಿದ್ದೆ ಹೋದ, ಸ್ವಲ್ಪ ಹೊತ್ತಿಗೆ ಗೋಡೆಗೆ ಒರಗಿ ತಮ್ಮನೂ ನಿದ್ದೆ ಹೋದ. ಅತ್ತೆ ಬಂದು ಇಬ್ಬರ ಮೇಲೂ ಒಂದೊಂದು ಚಾದರ ಹಾಕಿದರು.

ಹೊರಡುವಾಗ ಮಗ ತಾನೇ ಕಾಯಿ ತಂದು ಟ್ರ್ಯಾಕ್ಟರ್ ಮೇಲೆ ಇಟ್ಟ. "ಮಾಮಾನ್ನ ಮನೀಗೆ ಒಯ್ಯಿ," ಅಂದ. ಇಬ್ಬರು ಮಾಮಾ ಒಂದೇ ಮನೆಯವರು ಎಂದು ಅವನು ಅಷ್ಟರಲ್ಲಿ ಒಪ್ಪಿಕೊಂಡಿದ್ದ. ಈ ಸಲ ಟ್ರೇಲರ್ ತಿರುಗಿಸಲು ಮನೆಮಂದಿಯೆಲ್ಲ ನಿಂತು ಕೂಗಿದೆವು. ತುಳಸಿಕಟ್ಟೆಗೆ ತಾಗಿಸಿಯೇ ಹೋದ. ಆ ಮುಕ್ಕು ಇನ್ನೂ ಇದೆ, ಅತ್ತೆ ಸಿಮೆಂಟ್ ಹಚ್ಚಲು ಬಿಟ್ಟಿಲ್ಲ.

ಮುಂದಿನ ಪಂಚಮಿಗೆ ಅವನೇ ಕರೆಯಲು ಬಂದ, ಅದರ ಮುಂದಿನದಕ್ಕೂ ಬಂದ. ತೊಟ್ಟಿಲಲ್ಲಿ ಈಗ ನಮ್ಮ ಮನೆಯ ಹಾಸಿಗೆ ಬಟ್ಟೆ ಇರುತ್ತವೆ. ಉಳ್ಳಾಗಡ್ಡಿ ಮಾತ್ರ ಇಡಲು ನಾನು ಬಿಟ್ಟಿಲ್ಲ.

ಇಷ್ಟೆಲ್ಲ ನೆನಪಾಗುವಷ್ಟರಲ್ಲಿ ಕಟಿಂಗ್ ಅಂಗಡಿಯವರ ಚಹಾ ಮುಗಿದಿತ್ತು. ಪಕ್ಕದಲ್ಲಿ ಬೆಲ್ಲ ಇಳಿಸಿ ಟೆಂಪೋ ಹೋಗಿತ್ತು. ನನ್ನ ಫೋನ್ ರಿಂಗ್ ಆಯಿತು. ವಿಡಿಯೋ ಕಾಲ್. ಮಗ ತಲೆಯ ಮೇಲಿನ ಕೈ ತೆಗೆದು ಕಸಿದುಕೊಂಡ.

"ಮಾಮಾ, ಕತ್ತರಿ ಹಚ್ಚಲೇನು?"

ಆ ಕಡೆಯಿಂದ ತಮ್ಮನ ಮುಖ ಬೆವರಿನಲ್ಲಿ ಕಂಡಿತು. "ತಡಿ, ದೊಡ್ಡ ಮಾಮಾನ ಕೇಳೂಣು," ಅಂದವನು ಅಂಗಳದಿಂದ ಮನೆಯೊಳಗೆ ನಡೆದ. ದೇವರ ಮಾಡದ ಪಕ್ಕದಲ್ಲಿ ಆ ಕಾಯಿ ಕೂತಿದೆ. ಕೆಡಲಿಲ್ಲ. ಒಳಗೊಳಗೇ ಒಣಗಿ ಗಿಟಕ ಕೊಬ್ಬರಿ ಆಗಿದೆ. ಟೊಪ್ಪಿಗೆ ಮಾತ್ರ ಹೊಸದು, ತಮ್ಮ ವರ್ಷಕ್ಕೊಂದು ಬದಲಿಸುತ್ತಾನೆ. ಅದನ್ನು ಫೋನಿನ ಮುಂದೆ ಹಿಡಿದು ಅಲ್ಲಾಡಿಸಿದ. ಒಳಗಿನ ಕೊಬ್ಬರಿ ಲೊಟ್ ಲೊಟ್ ಅಂದಿತು.

ಮಗ ಫೋನ್ ನನ್ನ ಕೈಗೆ ಕೊಟ್ಟು ಸೆಟೆದು ಕೂತ.

"ಹೂಂ ಅಂದಾನ. ಹಚ್ಚ್ರಿ ಕಾಕಾ."

ಅಂಗಡಿಯವರು ಒಮ್ಮೆ ಫೋನ್ ನೋಡಿದರು, ಒಮ್ಮೆ ನನ್ನನ್ನು ನೋಡಿದರು, ಕತ್ತರಿ ಎತ್ತಿದರು.